ಒಂದು ಘಾಟಿಗೆ ಎಷ್ಟು ಖರ್ಜೂರ

ಆ ಭಾನುವಾರ ಬೆಳಿಗ್ಗೆ ಪುಣೆಯ ಆಚೆ, ಭೋರ್ ಊರು ದಾಟಿ ಬೆಟ್ಟದ ಘಾಟು ಶುರುವಾಗುವಲ್ಲಿ, ಒಂದು ಚಹಾದಂಗಡಿಯ ಮುಂದೆ ನಾವು ನಿಂತಿದ್ದೆವು. ನಾವು ಎಂದರೆ ನಾನು, ಎಪ್ಪತ್ತಾರು ದಾಟಿದ ನಮ್ಮ ಅವ್ವ, ಹದಿನೆಂಟರ ನನ್ನ ಮಗಳು ಮತ್ತು ಅವಳಿಗೆ ಸೈಕಲ್ಲಿನ ತರಬೇತಿ ಕೊಡುವ ಸರ್. ಸರ್ ಮರಾಠಿಯವರು, ಮಿಲಿಟರಿಯಿಂದ ನಿವೃತ್ತರಾದವರು. ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಎರಡನೆಯ ಮಾತು ಖರ್ಚು ಮಾಡಿದವರಲ್ಲ. ಸುತ್ತ ಇನ್ನೂ ಇಪ್ಪತ್ತು ಹುಡುಗಿಯರು, ಅವರ ಅಪ್ಪಂದಿರು, ಮಾವಂದಿರು, ಕಾಲಿಗೆ ಸಿಗುವ ಬಾಳೆಹಣ್ಣಿನ ಸಿಪ್ಪೆಗಳು.

ನನ್ನ ಹೆಂಡತಿ ಬಂದಿರಲಿಲ್ಲ. ಬಂದಿರಲಿಲ್ಲ ಎಂದರೂ ಇದ್ದಳು ಅನ್ನಿ. ಪುಣೆಯ ಕೊಂಢವಾ ಬಡಾವಣೆಯ ನಮ್ಮ ಮನೆಯಲ್ಲಿ, ಒಲೆಯ ಪಕ್ಕ ಫೋನು ಒರಗಿಸಿಟ್ಟುಕೊಂಡು ಅದನ್ನೇ ನೋಡುತ್ತ ಕೂತಿದ್ದಳು. ಮಗಳ ತೋಳಿನ ಹಿಂಭಾಗದಲ್ಲಿ ಎರಡು ರೂಪಾಯಿ ನಾಣ್ಯದಷ್ಟಗಲದ ಒಂದು ಬಿಲ್ಲೆ ಅಂಟಿಸಿರುತ್ತದೆ. ಮೈಯಲ್ಲಿ ಸಕ್ಕರೆ ಎಷ್ಟಿದೆ ಎಂದು ಅದು ಐದೈದು ನಿಮಿಷಕ್ಕೊಮ್ಮೆ ಅವಳ ಫೋನಿಗೆ ಹೇಳುತ್ತದೆ. ಆ ಫೋನು ನನ್ನ ಫೋನಿಗೂ ನನ್ನ ಹೆಂಡತಿಯ ಫೋನಿಗೂ ಹೇಳುತ್ತದೆ. ಹೀಗಾಗಿ ಮಗಳು ಎಲ್ಲಿದ್ದರೂ ನಾವಿಬ್ಬರೂ ಅವಳ ರಕ್ತದೊಳಗೇ ಇದ್ದವರು.

ಅವತ್ತು ಆಯ್ಕೆಯ ದಿನ. ಒಬ್ಬೊಬ್ಬರಾಗಿ ಘಾಟು ಹತ್ತಬೇಕು, ಬೇಗ ಹತ್ತಿದ ನಾಲ್ವರನ್ನು ಮುಂದಿನ ದೊಡ್ಡ ಪಂದ್ಯಕ್ಕೆ ಆರಿಸುತ್ತಾರೆ. ಮಗಳು ಇದಕ್ಕಾಗಿ ಎರಡು ವರ್ಷ ಕಾದಿದ್ದಳು. ಇನ್ನೊಂದು ಮಾತೂ ಇತ್ತು. ಹೊರಡುವಾಗ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದ್ದಳು: “ಇವತ್ತ ಸಕ್ಕರಿ ಏನರ ಕೈ ಕೊಡ್ತಂದ್ರ ಸೈಕಲ್ ಮಾರೂದ ನೋಡ್ರಿ. ನನ್ನ ಕಡೆಯಿಂದ ಇನ್ನ ಆಗೂದಿಲ್ಲ.” ಮಗಳು ಕೇಳಿಸಿಕೊಂಡೂ ಕೇಳದವಳಂತೆ ಬೂಟಿನ ಪಟ್ಟಿ ಬಿಗಿದಿದ್ದಳು.

ಇದೆಲ್ಲ ಹೇಗೆ ಇಲ್ಲಿಗೆ ಬಂತು ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಮಗಳಿಗೆ ಹನ್ನೊಂದನೆಯ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು. ನಮ್ಮಂಥ ಹೊಟ್ಟೆ ಬಂದ ದೊಡ್ಡವರಿಗೆ ಬರುವ ಜಾತಿಯದಲ್ಲ, ಇನ್ಸುಲಿನ್ ಮೈಯಲ್ಲಿ ಹುಟ್ಟುವುದೇ ನಿಂತುಹೋಗುವ ಜಾತಿಯದು. ಊಟಕ್ಕೊಂದು ಚುಚ್ಚು, ದಿನಕ್ಕೊಂದು ಬೇರೆ ಚುಚ್ಚು, ಬದುಕಿರುವವರೆಗೂ. ಡಾಕ್ಟರು ಹೇಳಿದ್ದನ್ನು ಕೇಳಿ ನಾನು, ನನ್ನ ಹೆಂಡತಿ ಮನೆಗೆ ಬಂದು ಸುಮ್ಮನೆ ಗೋಡೆ ನೋಡುತ್ತ ಕೂತೆವು. ಅವ್ವ ಮಾತ್ರ ಎದ್ದು ಮೊಮ್ಮಗಳಿಗೆ ಮೊದಲು ಉಣ್ಣಿಸಿ, ಆಮೇಲೆ ಕೇಳಿದಳು: “ಏನೇನ ಬ್ಯಾಡಂದಾರ, ಅದನ್ನ ಹೇಳ್ರಿ.”

ನಮ್ಮ ಕಡೆ ಒಂದು ಪದ್ಧತಿ ಇದೆ. ಇಲ್ಲಿಯ ಮರಾಠಿ ಮನೆಗಳಲ್ಲೂ ಇದೆ. ಒಳ್ಳೆಯ ಕೆಲಸಕ್ಕೆ ಹೊರಟವರ ಅಂಗೈಗೆ ಒಂದು ಚಮಚ ಮೊಸರು-ಸಕ್ಕರೆ ಹಾಕಿ ಕಳಿಸುವುದು. ನನ್ನ ಹತ್ತನೆಯ ಇಯತ್ತೆಯ ಪರೀಕ್ಷೆಗೆ, ನನ್ನ ಮೊದಲ ಕೆಲಸಕ್ಕೆ, ನಾನು ಹೆಣ್ಣು ನೋಡಲು ಹೋಗುವಾಗ, ಅವ್ವ ಒಂದೂ ಬಿಟ್ಟವಳಲ್ಲ. ಕಾಯಿಲೆ ಬಂದ ಮೇಲೆ ಮೊಮ್ಮಗಳಿಗೆ ಅವ್ವ ಸಕ್ಕರೆ ಬಿಟ್ಟು ಬರೀ ಮೊಸರು ಹಾಕತೊಡಗಿದಳು.

“ಮೊಸರಷ್ಟ ಹಾಕತೇನಿ ಕೂಸ. ಸಕ್ಕರಿ ಅದ ಅಂತ ತಿಳಕೊ.”

“ಎಷ್ಟ ಚಮಚಾ ತಿಳಕೋಬೇಕ ಅಜ್ಜಿ?”

“ನಿನಗೆಷ್ಟ ಬೇಕ ಅಷ್ಟ ತಿಳಕೊ. ತಿಳಕೊಳ್ಳಾಕ ಯಾವ ಡಾಕ್ಟರ ಬ್ಯಾಡಂತಾನ?”

ನನ್ನ ಕನ್ನಡವೆಲ್ಲ ಅವ್ವನ ಈ ಬಾಯಿಂದಲೇ ಬಂದದ್ದು. ನಾನು ಓದಿದ್ದು ಮರಾಠಿ ಶಾಲೆಯಲ್ಲಿ.

ಮಗಳಿಗೆ ಹದಿನಾರಾದಾಗ ಸೈಕಲ್ಲಿನ ಹುಚ್ಚು ಹತ್ತಿತು. ಹತ್ತದೆ ಏನು ಮಾಡೀತು. ಕೊಂಢವಾದ ನಮ್ಮ ರಸ್ತೆ ನೇರ ಬೋಪದೇವ ಘಾಟಿಗೆ ಹೋಗುತ್ತದೆ. ಬೆಳಗಾಗುತ್ತಲೇ ಅರ್ಧ ಪುಣೆ ಬಣ್ಣಬಣ್ಣದ ಬಿಗಿ ಅಂಗಿ ಹಾಕಿಕೊಂಡು ನಮ್ಮ ಕಿಟಕಿಯ ಕೆಳಗೆ ಸೈಕಲ್ ತುಳಿಯುತ್ತ ಹೋಗುತ್ತದೆ. ಒಂದು ದಿನ ಅವಳೂ ಯಾರದೋ ಹಳೆಯ ಸೈಕಲ್ ಕೇಳಿ ತಂದು ಅವರ ಹಿಂದೆ ಹೋದಳು. ಬಂದಾಗ ಮುಖ ಬಿಳಿಚಿತ್ತು, ಕೈ ನಡುಗುತ್ತಿತ್ತು, ಬೆವರು ತಣ್ಣಗಿತ್ತು. ಬಿಲ್ಲೆ ಐವತ್ತೆಂಟು ತೋರಿಸುತ್ತಿತ್ತು. ಎಪ್ಪತ್ತಕ್ಕಿಂತ ಕೆಳಗಿಳಿದರೆ ಕಣ್ಣು ಕತ್ತಲೆ ಬರಬಹುದು, ಪ್ರಜ್ಞೆಯೂ ತಪ್ಪಬಹುದು ಎಂದು ನಮಗೆ ಹೇಳಿದ್ದರು. ಹೆಂಡತಿ ಹಣ್ಣಿನ ರಸ ಕುಡಿಸಿದಳು, ಅವ್ವ ಅಂಗಾಲು ತಿಕ್ಕಿದಳು, ನಾನು ಆ ಸೈಕಲ್ಲನ್ನೇ ದಿಟ್ಟಿಸಿದೆ.

ಬೇಡ ಅಂದರೆ ಬಿಡುವ ಮಗಳಲ್ಲ. ಹಾಗಾಗಿ ಮುಂದಿನ ವಾರದಿಂದ ನಾನು ಸ್ಕೂಟರಿನಲ್ಲಿ ಅವಳ ಹಿಂದೆ ಹೋಗತೊಡಗಿದೆ. ಪುಣೆಯ ಕ್ಯಾಂಪ್ ಪೇಟೆಯಿಂದ ಒಳ್ಳೆಯ ಮೆತ್ತನೆಯ ಖರ್ಜೂರ ತಂದು, ಬೀಜ ತೆಗೆದು, ಡಬ್ಬಿಯಲ್ಲಿ ತುಂಬಿಕೊಂಡು.

ನಾನು ಟೈಲ್ಸ್ ಅಂಗಡಿಯಲ್ಲಿ ಕೆಲಸ ಮಾಡುವವನು. ಗಿರಾಕಿ ಬಂದು ಕೋಣೆ ಇಷ್ಟುದ್ದ, ಇಷ್ಟಗಲ ಎಂದು ಹೇಳಿದರೆ ಎಷ್ಟು ಪೆಟ್ಟಿಗೆ ಬೇಕು, ಒಡೆದುಹೋಗುವುದಕ್ಕೆ ಎಷ್ಟು ಹೆಚ್ಚಿಗೆ ಎಂದು ಕಾಗದ ಮುಟ್ಟದೆ ಹೇಳುತ್ತೇನೆ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ ತಲೆ ಮಗಳ ಘಾಟನ್ನೂ ಅಳೆಯಿತು. ಮನೆ ಬಿಡುವಾಗ ಎರಡು ಖರ್ಜೂರ, ಏರು ಶುರುವಾಗುವಲ್ಲಿ ಎರಡು, ನಡುವಿನ ದೊಡ್ಡ ತಿರುವಿನಲ್ಲಿ ಒಂದು, ಮೇಲೆ ಮುಟ್ಟಿದ ಮೇಲೆ ಬಿಲ್ಲೆ ನೋಡಿಕೊಂಡು. ಮೂರು ತಿಂಗಳಲ್ಲಿ ನನ್ನ ಅಳತೆ ಎಷ್ಟು ಕರಾರುವಾಕ್ಕಾಯಿತೆಂದರೆ, ಘಾಟಿನ ತುದಿಯಲ್ಲಿ ಅವಳ ಅಂಕಿ ನೂರಿಪ್ಪತ್ತರ ಆಚೀಚೆ ಬಂದು ನಿಲ್ಲುತ್ತಿತ್ತು. ನನಗೆ ಹೆಮ್ಮೆ. ಅಂಗಡಿಗೆ ಬಂದ ಗಿರಾಕಿಗಳಿಗೆ ಟೈಲ್ಸ್ ಬಿಟ್ಟು ಇದನ್ನೇ ಹೇಳುತ್ತಿದ್ದೆ. ಮಾಲೀಕರು ಒಂದು ದಿನ, “ಸಾಹೇಬ, ಬಾಥ್‌ರೂಮ್ ಟೈಲ್ಸ್ ಕೇಳಾಕ ಬಂದಾರ ಅವರು, ಖರ್ಜೂರ ಅಲ್ಲ,” ಎಂದು ನಗಾಡಿದರು.

ನೆಲಕ್ಕೊಂದು ಗುಣವಿದೆ. ಇವತ್ತು ಇದ್ದಷ್ಟೇ ನಾಳೆಯೂ ಇರುತ್ತದೆ. ಮೈಯೂ ಹಾಗೆಯೇ ಎಂದುಕೊಂಡದ್ದು ನನ್ನ ತಪ್ಪು.

ಮಗಳು ಸರ್ ಹತ್ತಿರ ಸೇರಿದಳು. ವಾರಕ್ಕೆ ಐದು ದಿನ ತುಳಿತ, ಅದರಲ್ಲಿ ಎರಡು ದಿನ ದೂರದ ನಿಧಾನ ಸವಾರಿ, ಒಂದು ದಿನ ಮೈ ಹಿಂಡುವ ಜೋರಿನ ಏರು. ಹೀಗೆ ಒಂದೂವರೆ ವರ್ಷ ಕಳೆಯಿತು. ನನ್ನ ಸ್ಕೂಟರು ಹಿಂದೆ, ಅದೇ ಘಾಟು, ಅದೇ ಐದು ಖರ್ಜೂರ. ಮೊದಲು ನೂರಿಪ್ಪತ್ತಕ್ಕೆ ನಿಲ್ಲುತ್ತಿದ್ದ ಅಂಕಿ ನೂರೈವತ್ತಾಯಿತು, ನೂರೆಂಬತ್ತಾಯಿತು. ಜೋರಿನ ದಿನಗಳಲ್ಲಂತೂ ಇನ್ನೂರಮೂವತ್ತು ದಾಟಿತು. ಖರ್ಜೂರ ಕಮ್ಮಿ ಮಾಡಲು ನನಗೆ ಧೈರ್ಯವಿಲ್ಲ. ಐವತ್ತೆಂಟು ನೋಡಿದ ಕಣ್ಣು ನನ್ನದು. ಒಂದು ಜೋರಿನ ದಿನ ಮಗಳೇ ಖರ್ಜೂರವನ್ನೆಲ್ಲ ತಿನ್ನದೆ ಜೇಬಿನಲ್ಲಿಟ್ಟುಕೊಂಡು ಹತ್ತಿ, ಮೇಲೆ ಹೋಗಿ ಐದೂ ತೆಗೆದು ತೋರಿಸಿದಳು. ಬಿಲ್ಲೆ ನೋಡಿದರೆ ಇನ್ನೂರಹದಿನೆಂಟು.

ಅಲ್ಲಿಗೆ ನನ್ನ ತಲೆಯಲ್ಲಿ ಒಂದೇ ವಿಚಾರ ಉಳಿಯಿತು. ಬರೀ ಹೊಟ್ಟೆಯಲ್ಲಿ ಸಕ್ಕರೆ ಏರಬೇಕಾದರೆ ಹೊಟ್ಟೆ ಬರಿದಾಗಿಲ್ಲ ಎಂದರ್ಥ. ಯಾರೋ ಏನೋ ಕೊಡುತ್ತಿದ್ದಾರೆ. ಮನೆ ಬಿಡುವಾಗ ಅವಳ ಅಂಗೈಗೆ ಏನಾದರೂ ಹಾಕುವವರು ನಮ್ಮ ಮನೆಯಲ್ಲಿ ಒಬ್ಬರೇ.

ಒಂದು ಸಂಜೆ ಚಹಾದ ಹೊತ್ತಿಗೆ, ಎಲ್ಲರೂ ಇದ್ದಾಗಲೇ ಕೇಳಿದೆ.

“ಅವ್ವಾ, ಖರೇ ಹೇಳು. ಕೂಸಿಗೆ ಏನರ ಕೊಡಾಕತ್ತಿ ಏನು?”

“ಆಶೀರ್ವಾದ ಕೊಡಾಕತ್ತೇನಿ. ಯಾಕ, ಅದರಾಗೂ ಸಕ್ಕರಿ ಬಂತೇನು?”

“ಚೇಷ್ಟಿ ಬ್ಯಾಡ. ಮೊಸರಿನ್ಯಾಗ ಸಕ್ಕರಿ ಹಾಕ್ತಿ ಏನು?”

ಅವ್ವ ಬಟ್ಟಲು ಕೆಳಗಿಟ್ಟಳು. “ನೀ ಫೌಜದಾರ ಆಗಿ ಕೇಳಾಕತ್ತಿಯೋ, ಮಗಾ ಆಗಿ ಕೇಳಾಕತ್ತಿಯೋ?”

“ಅಪ್ಪಾ,” ಎಂದಳು ಮಗಳು, “ಅಜ್ಜಿ ಏನೂ ಕೊಟ್ಟಿಲ್ಲ. ನಾನೂ ಏನೂ ತಿಂದಿಲ್ಲ. ಸರ್ ಹೇಳತಾರ, ಜೋರ ಹೊಡದಾಗ ಸಕ್ಕರಿ ತಾನ ಏರ್ತದಂತ.”

“ತಾನ ಹೆಂಗ ಏರ್ತದ?” ನನ್ನ ಹೆಂಡತಿ ಒಳಗಿನಿಂದ ಬಂದಳು. “ಗಾಳಿಯಾಗಿಂದ ಬರ್ತದೇನು? ಮಶಿನ್ ಸುಳ್ಳ ಹೇಳೂದಿಲ್ಲವಾ. ಮನಷ್ಯಾರು ಹೇಳ್ತಾರ.”

“ಸರ್ ಬಂದೂಕಿನ ವಿಷಯ ಹೇಳಲಿ, ಕೇಳೂಣು,” ಎಂದೆ ನಾನು. “ಸಕ್ಕರಿ ವಿಷಯ ಅವರಿಗೇನ ಗೊತ್ತು?”

ಮಗಳು ನನ್ನನ್ನೇ ನೋಡಿದಳು. ಆ ನೋಟ ಇವತ್ತೂ ಇದೆ ನನ್ನ ಹತ್ತಿರ. ಅದರಲ್ಲಿ ಸಿಟ್ಟಿರಲಿಲ್ಲ. ಮುಂದೆ ಹೇಳಿ ಪ್ರಯೋಜನವಿಲ್ಲ ಎಂದು ತಿಳಿದವರು ನೋಡುವ ಹಾಗೆ ನೋಡಿದಳು.

ಸಕ್ಕರೆ, ಬೆಲ್ಲದ ಡಬ್ಬಿಗಳನ್ನು ನಾನು ಕಪಾಟಿನ ಮೇಲಕ್ಕೆ, ಅವ್ವನ ಕೈಗೆಟುಕದಲ್ಲಿಗೆ ಎತ್ತಿಟ್ಟೆ. ಅವ್ವ ಅವತ್ತಿನಿಂದ ತನ್ನ ಚಹಾಕ್ಕೂ ಸಕ್ಕರೆ ಬೇಡವೆಂದಳು. “ಕಳ್ಳರ ಮನಿಯಾಗ ಎಚ್ಚರದಿಂದ ಇರಬೇಕು ನೋಡ,” ಎಂದು ಬರೀ ಒಗರು ಚಹಾ ಕುಡಿದು ಮುಖ ಕಿವುಚದೆ ಬಟ್ಟಲು ತೊಳೆದಿಡುತ್ತಿದ್ದಳು. ಎಪ್ಪತ್ತಾರು ವರ್ಷ ಸಿಹಿ ಚಹಾ ಕುಡಿದ ನಾಲಿಗೆ. ಡಾಕ್ಟರನ್ನು ಕೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಡಾಕ್ಟರ ಹತ್ತಿರ ಹೋಗುವ ಸರದಿ ಆಯ್ಕೆಯ ದಿನ ಕಳೆದು ನಾಲ್ಕನೆಯ ದಿನಕ್ಕಿತ್ತು. ಅದಲ್ಲದೆ, ಗೊತ್ತಿದೆ ಎಂದುಕೊಂಡವನು ಯಾರನ್ನು ಕೇಳಿಯಾನು.

ಆಯ್ಕೆಯ ದಿನ ಬೆಳಿಗ್ಗೆ ಅವ್ವ ಎಂದಿನಂತೆ ಮೊಸರಿನ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. ಅವಳು ಚಮಚ ಎತ್ತುವ ಮೊದಲೇ ನಾನು ಬಟ್ಟಲಿಗೆ ಬೆರಳು ಅದ್ದಿ ನಾಲಿಗೆಗಿಟ್ಟೆ. ಇದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಹುಳಿ ಮೊಸರು. ಸಕ್ಕರೆಯ ಸುಳಿವಿಲ್ಲ.

“ಹೆಂಗದ?” ಎಂದಳು ಅವ್ವ. “ಇನ್ನೊಂದ ಬೆರಳ ಅದ್ದು. ತಳದಾಗ ಬಚ್ಚಿಟ್ಟಿರಬೇಕು ನಾ.”

ನಾನು ಸುಮ್ಮನೆ ಹೋಗಿ ವ್ಯಾನ್ ಶುರು ಮಾಡಿದೆ. ಮಾಲೀಕರು ಅವತ್ತಿಗೆಂದು ಅಂಗಡಿಯ ವ್ಯಾನ್ ಕೊಟ್ಟಿದ್ದರು. ಅವ್ವ ಬರುವುದೆಂದು ಯಾರೂ ಹೇಳಿರಲಿಲ್ಲ. ತಾನೇ ಬಂದು ಮುಂದಿನ ಸೀಟಿನಲ್ಲಿ ಕೂತಳು.

ಭೋರ್ ದಾಟಿ ಘಾಟಿನ ಬುಡಕ್ಕೆ ಬಂದೆವು ಎಂದೆನಲ್ಲ. ಮಗಳು ಮೈ ಬಿಸಿ ಮಾಡಿಕೊಳ್ಳಲು ಕೆಳಗಿನ ರಸ್ತೆಯಲ್ಲಿ ನಾಲ್ಕೈದು ಸಲ ಬಿರುಸಾಗಿ ತುಳಿದು ಬಂದಳು. ಬಂದವಳ ಎದೆ ಏರಿಳಿಯುತ್ತಿತ್ತು, ಮುಖ ಕೆಂಪಾಗಿತ್ತು, ಕಣ್ಣಲ್ಲಿ ಖುಷಿ ಇತ್ತು. ನನ್ನ ಫೋನು ಕೂಗಿಕೊಂಡಿತು. ಇನ್ನೂರಮೂವತ್ತಾರು, ಪಕ್ಕದಲ್ಲಿ ಮೇಲಕ್ಕೆ ಬಾಣದ ಗುರುತು. ಅದರ ಹಿಂದೆಯೇ ಹೆಂಡತಿಯ ಕರೆ. “ನೋಡಿದ್ರೇನ್ರಿ? ಏನರ ಮಾಡ್ರಿ, ಸುಮ್ಮನ ನಿಂದರಬ್ಯಾಡ್ರಿ.”

“ಇನ್ಸುಲಿನ್ ತಗೋ,” ಎಂದೆ ಮಗಳಿಗೆ.

“ಈಗ ಬ್ಯಾಡ ಅಪ್ಪಾ. ಇದು ಇಳೀತದ. ಹತ್ತಿ ಬಂದ ಮ್ಯಾಲೆ ನೋಡೂಣು.”

ಸರ್ ಹತ್ತಿರ ಬಂದು, “ಕಾಕಾ, ಕಾಳಜಿ ನಕಾ ಕರೂ,” ಎಂದರು, ಚಿಂತೆ ಮಾಡಬೇಡಿ ಎಂದು. ಅಷ್ಟೇ.

“ಇನ್ನೂರಮೂವತ್ತಾರು ಅದ ಸರ್!” ಎಂದೆ ನಾನು, ಅವರಿಗೆ ಲೆಕ್ಕ ಬಾರದೇನೋ ಎನ್ನುವಂತೆ. ಮತ್ತೆ ಮಗಳ ಕಡೆ ತಿರುಗಿದೆ. “ತಗೊಂಡ್ರ ಸೈಕಲ್ ಹತ್ತು. ಇಲ್ಲಂದ್ರ ವ್ಯಾನ್ ಹತ್ತು. ಈಗಿಂದೀಗ ಮನಿಗೆ.”

“ಅರ್ಧಾ ತಗೋತೇನಿ.”

“ಪೂರ್ತಿ.”

ಅವಳು ಅವ್ವನ ಮುಖ ನೋಡಿದಳು. ಅವ್ವ ಸೆರಗು ಸರಿಮಾಡಿಕೊಂಡು, “ನನ್ನ ಯಾಕ ನೋಡ್ತಿ ಕೂಸ? ನಾ ಆರೋಪಿ ಅದೇನಿ,” ಎಂದಳು. ಮಗಳು ಆಚೆ ತಿರುಗಿ ಅಂಗಿ ಎತ್ತಿ, ಹೊಟ್ಟೆಗೆ ಇನ್ಸುಲಿನ್ ಪೆನ್ ಚುಚ್ಚಿಕೊಂಡಳು. ನಾನು ಪಕ್ಕದಲ್ಲಿ ನಿಂತು ಎಷ್ಟಕ್ಕೆ ತಿರುಗಿಸಿದ್ದಾಳೆ ಎಂದು ನೋಡಿದೆ. ಅರ್ಧ ಗಂಟೆಯ ಮೇಲೆ ಅವಳ ಸರದಿ ಬಂತು. ಹೋದಳು.

ರಸ್ತೆ ಕಿರಿದು, ಯಾರ ಗಾಡಿಯೂ ಹಿಂದೆ ಹೋಗಬಾರದೆಂದು ಮೊದಲೇ ಹೇಳಿದ್ದರು. ಎರಡು ವರ್ಷದಲ್ಲಿ ಮೊದಲ ಸಲ ಅವಳ ಹಿಂದೆ ನನ್ನ ಸ್ಕೂಟರು ಇರಲಿಲ್ಲ. ಪರವಾಗಿಲ್ಲ, ಫೋನಿದೆಯಲ್ಲ ಎಂದುಕೊಂಡೆ. ಮೊದಲ ತಿರುವು ದಾಟುತ್ತಲೇ ಅಂಕಿ ಇನ್ನೂರಇಪ್ಪತ್ತೊಂದಕ್ಕೆ ನಿಂತಿತು. ಇನ್ನೈದು ನಿಮಿಷಕ್ಕೆ ಮತ್ತೆ ಇನ್ನೂರಇಪ್ಪತ್ತೊಂದು. ಹತ್ತು ನಿಮಿಷಕ್ಕೂ ಅದೇ. ಆಗ ತಿಳಿಯಿತು, ಮೇಲೆ ಘಾಟಿನಲ್ಲಿ ಅವಳ ಫೋನಿಗೆ ನೆಟ್‌ವರ್ಕ್ ಇಲ್ಲ. ನಾನು ನೋಡುತ್ತಿದ್ದದ್ದು ಆಗಲೇ ಮುಗಿದುಹೋದ ಅಂಕಿ.

ಚಹಾದಂಗಡಿಯ ಬಲಗಡೆಯ ಕಂಬದ ಹತ್ತಿರ ನಿಂತರೆ ಮಾತ್ರ ಕರೆ ಬರುತ್ತಿತ್ತು. ಅಲ್ಲಿ ನಿಂತೆ. ಹೆಂಡತಿಯ ಕರೆ ಬಂತು.

“ನಿಮ್ಮ ಫೋನಿನ್ಯಾಗ ಎಷ್ಟ ತೋರಸ್ತದ?”

“ನಿನ್ನ ಫೋನಿನ್ಯಾಗ ಎಷ್ಟ ತೋರಸ್ತದೋ ಅಷ್ಟ.”

“ನಂದರಾಗ ಇನ್ನೂರಾ ಇಪ್ಪತ್ತೊಂದು.”

“ನಂದರಾಗೂ.”

“ಅರ್ಧಾ ತಾಸ ಆತಲ್ಲರೀ. ಅಷ್ಟ ಹೆಂಗ ಇರ್ತದ?”

“ನೆಟ್‌ವರ್ಕ್ ಇಲ್ಲ.”

“ಅದಕ್ಕ ನೀವ ಏನ ಮಾಡಾಕತ್ತೀರಿ?”

ಏನು ಮಾಡುತ್ತಿದ್ದೇನೆ ಎಂದು ಹೇಳಲಿ? ಕಂಬ ಹಿಡಿದು ನಿಂತಿದ್ದೇನೆ ಎಂದೆ. ಕುಕ್ಕರಿನ ಸೀಟಿ ಕೇಳಿಸಿತು, ಕರೆ ನಿಂತಿತು.

ಒಮ್ಮೆ ತಡೆಯಲಾರದೆ ಕಾಲ್ನಡಿಗೆಯಲ್ಲೇ ಘಾಟಿನ ಕಡೆ ಹೊರಟೆ. ತೋಳಿಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ, ಪಂದ್ಯ ನಡೆಸುವವರ ಕಡೆಯ ಹೆಂಗಸು ಅಡ್ಡ ಬಂದು ಮುಂದೆ ಬಿಡುವುದಿಲ್ಲವೆಂದರು. ಮಗಳು ಮೇಲಿದ್ದಾಳೆ, ಸಕ್ಕರೆ ಕಾಯಿಲೆ ಎಂದೆ. ಮೇಲೆ ಗಾಡಿ ಇದೆ, ಡಾಕ್ಟರಿದ್ದಾರೆ, ನೀವು ಕೂತುಕೊಳ್ಳಿ ಕಾಕಾ ಎಂದರು. ಸರಿ ಎಂದು ತಿರುಗಿದವನು, ಅವರು ಬೇರೆ ಕಡೆ ನೋಡಿದಾಗ ಓಡಿ ಮೊದಲ ತಿರುವಿನವರೆಗೂ ಹೋದೆ. ಅಲ್ಲಿಂದ ಕಾಣುವುದು ಎರಡನೆಯ ತಿರುವು ಮಾತ್ರ. ಮೊಣಕಾಲು ನೋಯುತ್ತಿತ್ತು. ಡಬ್ಬಿಯ ಖರ್ಜೂರ ಕೈಯಲ್ಲೇ ಇತ್ತು. ಯಾರಿಗೆ ಕೊಡಲಿ? ವಾಪಸು ಬಂದೆ.

ಅವ್ವ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದಳು. “ಕೂತ್ಕೊಳ್ಳೋ. ನೀ ನಿಂತ್ರ ಆಕಿ ಲಗೂ ಏರ್ತಾಳೇನು?”

“ಸಕ್ಕರಿ ಇಳದಿದ್ರ ಅವ್ವಾ?”

“ಇಳದಿದ್ರ ಆಕಿಗೆ ಗೊತ್ತಾಗ್ತದ. ಆಕಿ ಮೈ ಅದ.”

ಕೂತೆ. ಮೇಲಿನಿಂದ ಒಬ್ಬೊಬ್ಬರೇ ಹುಡುಗಿಯರು ನಗುತ್ತ, ಬ್ರೇಕು ಕಿರುಗುಟ್ಟಿಸುತ್ತ ಇಳಿದು ಬರತೊಡಗಿದರು. ಅವಳ ನಂತರ ಹೋದವರೂ ಬಂದರು. ಪ್ರತಿ ಸೈಕಲ್ಲಿಗೂ ಎದ್ದು ನಿಂತೆ, ಕೂತೆ. ಕೊನೆಗೆ ಒಂದು ಪಿಕಪ್ ಗಾಡಿ ಇಳಿದು ಬಂತು. ಹಿಂದೆ ಸೈಕಲ್ಲು ಅಡ್ಡ ಮಲಗಿತ್ತು. ಅದರ ಪಕ್ಕ ನನ್ನ ಮಗಳು ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ನಾನು ಗಾಡಿಯ ಕಡೆ ಓಡಿದೆ. ಅವಳೇ ಮೊದಲು ಹೇಳಿದಳು: “ಅಪ್ಪಾ, ಗಾಬರಿ ಆಗಬ್ಯಾಡ. ಈಗ ತೊಂಬತ್ತಾರ ಅದ. ಎಲ್ಲಾ ಸರಿ ಅದ.”

ತುದಿಗೆ ಮೂರು ತಿರುವು ಉಳಿದಾಗ ಕೈ ನಡುಕ ಬಂತಂತೆ. ನೋಡಿದರೆ ಅರವತ್ತೆರಡು. ಒಂದು ಕ್ಷಣ ಹತ್ತಿಬಿಡೋಣ ಎನಿಸಿತಂತೆ. ಆಮೇಲೆ ತಾನೇ ಇಳಿದು, ಸೈಕಲ್ಲು ಒರಗಿಸಿ, ಕಟ್ಟೆಯ ಮೇಲೆ ಕೂತು, ಬಾಟಲಿಯಲ್ಲಿದ್ದ ಗ್ಲೂಕೋಸ್ ನೀರು ಕುಡಿದು, ಗಾಡಿಗೆ ಕೈ ಮಾಡಿದಳಂತೆ. ಒಂದನ್ನೂ ತಪ್ಪಿಸದೆ, ಕಲಿಸಿದ್ದಷ್ಟನ್ನೂ ಮಾಡಿದ್ದಳು. ನಾನು ಕೊಡಿಸಿದ ಇನ್ಸುಲಿನ್ ಒಳಗೆ ತನ್ನ ಕೆಲಸ ಮಾಡಿತ್ತು.

“ಮೂರ ತಿರುವು ಇದ್ವು,” ಎಂದು ಅವಳು ಅಜ್ಜಿಗೆ ಹೇಳಿದಳು. ನನಗಲ್ಲ. ಹಿಂದಿನ ಸೀಟಿನಲ್ಲಿ ಅಜ್ಜಿಯ ಹೆಗಲಿಗೆ ತಲೆ ಆನಿಸಿ ಊರು ಬರುವವರೆಗೂ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆಯಲ್ಲ ಎಂದು ಕನ್ನಡಿಯಲ್ಲಿ ಕಾಣುತ್ತಿತ್ತು.

ಮನೆಗೆ ಬಂದಾಗ ಹೆಂಡತಿ ಮಗಳ ಕೆನ್ನೆ, ಹಣೆ, ಕೈ ಮುಟ್ಟಿ ನೋಡಿ, ಆಮೇಲೆ ನನ್ನ ಕಡೆ ತಿರುಗಿ, “ಮುಗೀತು. ಸೈಕಲ್ ಮಾರ್ರಿ,” ಎಂದಳು. ಸುಮ್ಮನಿದ್ದರೆ ಸೈಕಲ್ಲು ಹೋಗುತ್ತಿತ್ತು, ನನ್ನ ಮರ್ಯಾದೆ ಉಳಿಯುತ್ತಿತ್ತು. ಸುಮ್ಮನಿರುವುದು ಎಷ್ಟು ಸುಲಭವಿತ್ತು ಎಂದು ನನಗೆ ಈಗಲೂ ನೆನಪಿದೆ.

“ಸಕ್ಕರಿ ಕೈ ಕೊಟ್ಟಿಲ್ಲ,” ಎಂದೆ. “ಆಕಿ ಬ್ಯಾಡಂದ್ಲು. ಅರ್ಧಾ ಅಂದ್ಲು. ನಾ ಪೂರ್ತಿ ಹಾಕಸೀನಿ.”

ಹೆಂಡತಿ, “ನಾನೂ ಏನರ ಮಾಡ್ರಿ ಅಂದೆ,” ಎಂದು ಒಳಗೆ ಹೋದಳು.

ನಾಲ್ಕನೆಯ ದಿನ ಕ್ಯಾಂಪಿನ ಡಾಕ್ಟರ ಹತ್ತಿರ ನಾಲ್ವರೂ ಹೋದೆವು. “ನನ್ನ ಕೇಸ್ ಅದ, ನಾ ಬರೂದ,” ಎಂದು ಅವ್ವ ರೇಷ್ಮೆ ಸೀರೆ ಉಟ್ಟು ಹೊರಟಿದ್ದಳು. ಡಾಕ್ಟರು ಮರಾಠಿಯವರು, ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎರಡು ವರ್ಷದ ಅಂಕಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಿ ನಕ್ಕರು.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಅಭ್ಯಾಸವಿಲ್ಲದ ಮೈ ಏರು ಕಂಡ ಕೂಡಲೇ ರಕ್ತದಲ್ಲಿನ ಸಕ್ಕರೆಯನ್ನು ಬಾಚಿ ಬಾಚಿ ಉರಿಸುತ್ತದೆ. ವರ್ಷಗಟ್ಟಲೆ ತುಳಿದು ಪಳಗಿದ ಮೈ ಅದೇ ಏರಿಗೆ ಕೊಬ್ಬನ್ನು ಹೆಚ್ಚು ಉರಿಸುತ್ತದೆ, ರಕ್ತದ ಸಕ್ಕರೆಗೆ ಅಷ್ಟಾಗಿ ಕೈ ಹಾಕುವುದಿಲ್ಲ. ಹಾಗಾಗಿ ಮೊದಲ ವರ್ಷ ಸರಿಯಾಗಿದ್ದ ಐದು ಖರ್ಜೂರ ಎರಡನೆಯ ವರ್ಷಕ್ಕೆ ಹೆಚ್ಚಾಯಿತು. ಇನ್ನೊಂದು, ಮೈ ಹಿಂಡಿ ಜೋರಾಗಿ ತುಳಿದಾಗ, ಪಂದ್ಯದ ಗಾಬರಿ ಇದ್ದಾಗ, ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ತಾನೇ ರಕ್ತಕ್ಕೆ ಸುರಿಯುತ್ತದೆ. ಸ್ನಾಯುಗಳು ಬಳಸುವುದಕ್ಕಿಂತ ಹೆಚ್ಚೇ ಸುರಿಯುತ್ತದೆ. ನಮ್ಮಂಥವರಲ್ಲಿ ಇನ್ಸುಲಿನ್ ಬಂದು ಅದನ್ನು ಸರಿದೂಗಿಸುತ್ತದೆ. ಇವಳಲ್ಲಿ ಆ ಕೆಲಸಕ್ಕೆ ಯಾರೂ ಇಲ್ಲ, ಅದಕ್ಕೇ ಅಂಕಿ ಏರಿದ್ದು. ಅದಕ್ಕೆ ಹೆದರಿ, ಹತ್ತುವ ಮೊದಲು ಪೂರ್ತಿ ಇನ್ಸುಲಿನ್ ಕೊಟ್ಟರೆ, ದುಡಿಯುತ್ತಿರುವ ಸ್ನಾಯು ಮತ್ತು ಇನ್ಸುಲಿನ್ ಎರಡೂ ಕೂಡಿ ಸಕ್ಕರೆಯನ್ನು ಎಳೆಯುತ್ತವೆ. ಆಮೇಲೆ ಮೂರು ತಿರುವು ಉಳಿಯುತ್ತದೆ.

ನಾನು ಇದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಲು ಶುರು ಮಾಡಿದೆ. ಅರ್ಧಕ್ಕೇ ಅವಳು ಕೈ ಎತ್ತಿದಳು. “ತಿಳೀತು ಬಿಡು. ಹೊಸಾ ಸೊಸಿ ಒಗ್ಗರಣಿಗೆ ಎಣ್ಣಿ ಸುರೀತಾಳ. ಕೈ ಪಳಗಿದ ಮ್ಯಾಲೆ ಅದ ಪಲ್ಯಾ ಎರಡ ಹನಿಯಾಗ ಆಗ್ತದ. ಇಷ್ಟಕ್ಕ ಮಂದಿ ಡಾಕ್ಟರ್ ಕಲೀಬೇಕೇನು?”

ಡಾಕ್ಟರಿಗೆ ಮಗಳು ಅನುವಾದ ಮಾಡಿ ಹೇಳಿದಳು. ಅವರು ಮೇಜು ತಟ್ಟಿ ನಕ್ಕು, ಸೈಕಲ್ ನಿಲ್ಲಿಸುವ ಮಾತೇ ಬೇಡ ಎಂದರು. ಆಮೇಲೆ ನನ್ನ ಕಡೆ ನೋಡಿ, “ನೀವು ಮೂವರೂ ಸ್ವಲ್ಪ ಹೊರಗೆ ಕೂತಿರಿ. ಇನ್ನು ಮುಂದಿನದನ್ನು ನಾನು ಇವಳ ಜೊತೆ ಮಾತಾಡುತ್ತೇನೆ,” ಎಂದರು. ಏಳು ವರ್ಷದಲ್ಲಿ ಆ ಕೋಣೆಯಿಂದ ನನ್ನನ್ನು ಹೊರಗೆ ಕಳಿಸಿದ್ದು ಅದೇ ಮೊದಲು. ಎದ್ದೆ. ನನಗೆ ಎರಡು ಪ್ರಶ್ನೆಗಳಿದ್ದವು, ಕೇಳಬೇಕೆಂದು ಬರೆದುಕೊಂಡು ಬಂದಿದ್ದೆ. ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನಲ್ಲಿ ಅವ್ವನ ಪಕ್ಕ ಕೂತು, “ಅವ್ವಾ, ತಪ್ಪಾತು,” ಎಂದೆ.

“ಆಗಲಿ ಬಿಡು. ನೀ ಸಣ್ಣಾಂವ ಇದ್ದಾಗ ಬೆಲ್ಲಾ ಕದ್ದೀ ಅಂತ ನಾ ನಿನ್ನ ಬಡದಿದ್ದೆ. ಬೆನ್ನ ಮ್ಯಾಲೆ ಬಾಸುಂಡಿ ಎದ್ದಿದ್ವು. ಮರದಿನಾ ನೋಡಿದ್ರ ಇಲಿ ತಿಂದಿತ್ತು.”

“ನನಗ ಹೇಳಲೇ ಇಲ್ಲ?”

“ಹೆಂಗ ಹೇಳ್ಲಿ? ತಾಯಿ ಅದೇನಿ ನೋಡು,” ಎಂದಳು. “ನೀನರ ಹೇಳಿದಿ. ಹೋಗು, ಒಳಗ ಇದ್ದಾಕಿಗೂ ಹೇಳು.”

ಹೇಳಿದೆ. ಮಗಳು “ಇರ್ಲಿ ಅಪ್ಪಾ,” ಎಂದಳು. ಆ ಎರಡು ಮಾತಿನಲ್ಲಿ ಎಷ್ಟು ಮಾಫಿ, ಎಷ್ಟು ದೂರ ಎಂದು ನನಗೆ ಅಳೆಯಲಾಗಲಿಲ್ಲ. ಅವತ್ತು ಮನೆಗೆ ಬಂದವಳು ಫೋನಿನಲ್ಲಿ ಏನೋ ಒತ್ತಿದಳು. ನನ್ನ ಫೋನಿನಲ್ಲೂ ಅವಳ ಅಮ್ಮನ ಫೋನಿನಲ್ಲೂ ಅಂಕಿ ಬರುವುದು ನಿಂತಿತು. ನಾನು ಏಕೆ ಎಂದು ಕೇಳಲಿಲ್ಲ. ಹೆಂಡತಿ ಕೇಳಿದಳು. “ನಂದು ನಾ ನೋಡ್ಕೋತೇನಿ ಮಮ್ಮಿ. ಬೇಕಾದ್ರ ಕೂಗ್ತೇನಿ,” ಎಂದು ಉತ್ತರ ಬಂತು. ಆಮೇಲೆ ಎಷ್ಟೋ ವಾರ ನನ್ನ ಕೈ ತಾನೇ ಫೋನು ತೆಗೆದು ಖಾಲಿ ಪರದೆ ನೋಡಿ ಒಳಗಿಡುತ್ತಿತ್ತು.

ಮರುವರ್ಷ ಅದೇ ಘಾಟಿನಲ್ಲಿ ಮತ್ತೆ ಆಯ್ಕೆ ನಡೆಯಿತು. ಮಗಳು ಸರ್ ಅವರ ಗಾಡಿಯಲ್ಲಿ ಹೋದಳು. ನಾನು ಅಂಗಡಿಯಲ್ಲಿದ್ದೆ, ಒಬ್ಬ ಗಿರಾಕಿಗೆ ಮೆಟ್ಟಿಲಿನ ಟೈಲ್ಸ್ ತೋರಿಸುತ್ತಿದ್ದೆ. ಹನ್ನೊಂದೂವರೆಗೆ ಮನೆಯಿಂದ ಅವ್ವ ಫೋನು ಮಾಡಿದಳು. ಕೂಸು ತುದಿಯವರೆಗೂ ಹತ್ತಿದಳು, ಆರನೆಯವಳಾಗಿ ಬಂದಳು, ಆರಿಸಿದ್ದು ಮೊದಲ ನಾಲ್ವರನ್ನಷ್ಟೇ ಎಂದಳು. ಮಗಳು ಎರಡು ಗಂಟೆಗೆ ಮನೆಗೆ ಬಂದು, ಸ್ನಾನ ಮಾಡಿ, ಮೂರು ಚಪಾತಿ ಉಂಡು ಮಲಗಿದಳು.